ಚಡಾವಿನ ಊರಿಗೆ ಮೊದಲ ರೋಡ್ ಸೈಕಲ್

ಬಂಟ್ವಾಳ ಪೇಟೆಯಿಂದ ಹೊರಟು ಸಿದ್ಧಕಟ್ಟೆ ದಾಟಿದರೆ ಮೂಡುಬಿದಿರೆ. ಅಲ್ಲಿಂದ ವೇಣೂರಿನ ದಾರಿ ಹಿಡಿದು, 1604ರಲ್ಲಿ ತಿಮ್ಮಣ್ಣ ಅಜಿಲ ನಿಲ್ಲಿಸಿದ 35 ಅಡಿಯ ಗೊಮ್ಮಟನ ಎದುರು ಒಂದು ಗಳಿಗೆ ದಣಿವಾರಿಸಿಕೊಂಡು ಮುಂದುವರಿದರೆ ಗುರುವಾಯನಕೆರೆ. ಎಡಕ್ಕೆ ತಿರುಗಿದರೆ ಬೆಳ್ತಂಗಡಿ ಹತ್ತಿರವೇ ಇದೆ. ಬಲಕ್ಕೆ ತಿರುಗಿದರೆ ಮಡಂತ್ಯಾರು, ಪುಂಜಾಲಕಟ್ಟೆ, ವಗ್ಗ ದಾಟಿ ಮತ್ತೆ ಬಂಟ್ವಾಳ. ಒಟ್ಟು ನೂರು ಕಿಲೋಮೀಟರಿಗೆ ತುಸು ಕಡಿಮೆ. ಈ ದಾರಿಯಲ್ಲಿ ನೆಟ್ಟಗೆ ಸಮತಟ್ಟಾಗಿ ಎರಡು ಕಿಲೋಮೀಟರ್ ಸಿಗುವುದೂ ಕಷ್ಟ. ಒಂದು ಗುಡ್ಡೆ ಹತ್ತಿ ಇಳಿದರೆ ಕೆಳಗೆ ಗದ್ದೆ, ತೋಡು, ಅಡಿಕೆ ತೋಟ. ಅದರ ಬೆನ್ನಿಗೇ ಇನ್ನೊಂದು ಚಡಾವು.

ಮೊದಲ ರೋಡ್ ಸೈಕಲ್ ಕೊಳ್ಳಹೊರಟ ನಮ್ಮ ಕಡೆಯವರು ಈ ರಸ್ತೆಯನ್ನು ಕಣ್ಣ ಮುಂದಿಟ್ಟುಕೊಂಡೇ ಅಂಗಡಿಗೆ ಹೋಗಬೇಕು. ನಮ್ಮಲ್ಲಿ ಬೈಕ್ ಎಂದರೆ ಮೋಟಾರ್ ಬೈಕೇ ಆದ್ದರಿಂದ ಮೊದಲೇ ಹೇಳಿಬಿಡುತ್ತೇನೆ: ರೋಡ್ ಬೈಕ್ ಅಥವಾ ರೋಡ್ ಸೈಕಲ್ ಎಂದರೆ ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್, ತೆಳು ಟೈರ್, ಹಗುರ ಫ್ರೇಮ್ ಇರುವ, ಡಾಂಬರು ರಸ್ತೆಯಲ್ಲಿ ದೂರ ಓಡಲೆಂದೇ ಮಾಡಿದ ಸೈಕಲ್. ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸೈಕಲ್ ಕೊಡಲು ಆರಂಭಿಸಿದ ಮೇಲೆ ನಮ್ಮ ಎಷ್ಟೋ ಮನೆಗಳ ಅಂಗಳಕ್ಕೆ ಸೈಕಲ್ ಬಂತು. ಆ ಭಾರದ, ಗಿಯರಿಲ್ಲದ ಸೈಕಲನ್ನು ಚಡಾವಿನಲ್ಲಿ ತಳ್ಳಿಕೊಂಡು ಹೋದವರಿಗೆ ಮುಂದಿನ ಸೈಕಲಿನಲ್ಲಿ ಏನಿರಬೇಕು ಎನ್ನುವುದು ಅರ್ಧ ಗೊತ್ತೇ ಇರುತ್ತದೆ. ಉಳಿದ ಅರ್ಧವನ್ನು ಇಲ್ಲಿ ಹೇಳುತ್ತೇನೆ.

ಹಣದ ಲೆಕ್ಕ

ಕೈಯಲ್ಲಿ 40 ಸಾವಿರ ಇದ್ದರೆ ಸೈಕಲಿಗೆ 33 ಸಾವಿರ ಎಂದು ಗುರುತು ಹಾಕಿಕೊಳ್ಳಿ. ಉಳಿದ 7 ಸಾವಿರ ಹೆಲ್ಮೆಟ್, ಹಿಂದೆ ಮುಂದೆ ದೀಪ, ಗೇಜ್ ಇರುವ ನೆಲದ ಪಂಪು, ಎರಡು ಹೆಚ್ಚುವರಿ ಟ್ಯೂಬ್, ಟೈರ್ ಬಿಚ್ಚುವ ಲಿವರ್, ಅಲೆನ್ ಕೀ ಸೆಟ್, ಮಡ್‌ಗಾರ್ಡ್ ಇವಕ್ಕೆ ಬೇಕೇ ಬೇಕು. ಇಡೀ ಮೊತ್ತವನ್ನು ಸೈಕಲಿಗೇ ಸುರಿದವರು ಹೆಲ್ಮೆಟನ್ನು ಮುಂದಿನ ತಿಂಗಳಿಗೆ ತಳ್ಳುತ್ತಾರೆ. ಅದು ಆಗಬಾರದು.

ಒಂದು ಅನುಕೂಲವೂ ಆಗಿದೆ. 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮತ್ತು ಬಿಡಿಭಾಗಗಳ ಮೇಲಿನ ಜಿಎಸ್‌ಟಿ ಶೇ. 12ರಿಂದ ಶೇ. 5ಕ್ಕೆ ಇಳಿಯಿತು. ತೆರಿಗೆಗೆ ಮುನ್ನ 30 ಸಾವಿರ ಇರುವ ಸೈಕಲಿನಲ್ಲಿ ಇದರಿಂದ 2,100 ರೂಪಾಯಿ ಉಳಿಯುತ್ತದೆ. ಒಂದು ಒಳ್ಳೆಯ ಹೆಲ್ಮೆಟಿನ ಹಣ ಅಲ್ಲೇ ಸಿಕ್ಕಿತು.

ಸುಮಾರು 20 ಸಾವಿರದ ಒಳಗೆ ಹೊಸ ರೋಡ್ ಬೈಕ್ ಹುಡುಕುವುದಕ್ಕಿಂತ ಅದೇ ಹಣಕ್ಕೆ ನೇರ ಹ್ಯಾಂಡಲಿನ ಒಳ್ಳೆಯ ಹೈಬ್ರಿಡ್ ಸೈಕಲ್ ಕೊಳ್ಳುವುದು ಲೇಸು. ಆ ಬೆಲೆಗೆ ಬಾಗಿದ ಹ್ಯಾಂಡಲ್ ಕೊಡಬೇಕಾದರೆ ಬ್ರೇಕ್, ಚಕ್ರ, ಗಿಯರ್ ಇವುಗಳಲ್ಲಿ ಎಲ್ಲಾದರೂ ಕಡಿತ ಮಾಡಲೇಬೇಕಾಗುತ್ತದೆ. ಸುಮಾರು 25ರಿಂದ 40 ಸಾವಿರದ ನಡುವೆ ಅಲ್ಯೂಮಿನಿಯಂ ಫ್ರೇಮಿನ, ಹಿಂದೆ 7 ಅಥವಾ 8 ಗಿಯರಿನ ಆರಂಭಿಕ ರೋಡ್ ಬೈಕುಗಳಿವೆ. ನಮ್ಮ ಲೇಖನ ಮುಖ್ಯವಾಗಿ ಇವುಗಳ ಬಗ್ಗೆ. 50 ಸಾವಿರ ದಾಟಿದರೆ ಶಿಮಾನೊ ಕ್ಲಾರಿಸ್, ಇನ್ನೂ ಮೇಲಕ್ಕೆ ಸೋರಾ ಗಿಯರ್, ಕಾರ್ಬನ್ ಫೋರ್ಕ್ ಸಿಗುತ್ತವೆ. ಕಂಪನಿ ಡೆಕಾಥ್ಲಾನ್ ಆಗಲಿ, ಫೈರ್‌ಫಾಕ್ಸ್ ಆಗಲಿ, ಸ್ಕಾಟ್, ಜೈಂಟ್, ಟ್ರೆಕ್ ಆಗಲಿ, ಕೆಳಗಿನ ಪರೀಕ್ಷೆ ಎಲ್ಲಕ್ಕೂ ಒಂದೇ.

ಮೊದಲು ಮೈಯ ಅಳತೆ

ಕಳೆದ ವರ್ಷ ಪಕ್ಕದ ಮನೆಯ ಪಿಯುಸಿ ಓದುವ ಹುಡುಗಿ ಸೈಕಲ್ ನೋಡಿ ಬಂದು, ‘ಮಾವ, ಐವತ್ನಾಲ್ಕು ಸೈಜಿನದ್ದಕ್ಕೆ ಆರು ಸಾವಿರ ಕಡಿಮೆ ಉಂಟಂತೆ. ಸೀಟು ಕೆಳಗೆ ಮಾಡಿ ಕೊಡ್ತಾರಂತೆ’ ಎಂದಳು. ‘ಮೊದಲು ಗೋಡೆಗೆ ಒರಗಿ ನಿಲ್ಲು ಮಗಾ’ ಎಂದೆ.

ಚಪ್ಪಲಿ ಕಳಚಿ, ಹಿಮ್ಮಡಿ ಗೋಡೆಗೆ ತಾಗಿಸಿ, ಪಾದಗಳ ನಡುವೆ ಒಂದು ಗೇಣು ಬಿಟ್ಟು ನಿಂತಳು. ಅವಳ ಅಮ್ಮ ಗಟ್ಟಿ ರಟ್ಟಿನ ಒಂದು ಪುಸ್ತಕವನ್ನು ಕಾಲುಗಳ ನಡುವೆ ಇಟ್ಟು, ಸೀಟಿನ ಮೇಲೆ ಕೂತಾಗ ತಾಗುವಷ್ಟು ಬಿಗಿಯಾಗಿ ಮೇಲಕ್ಕೆ ಒತ್ತಿದರು. ಪುಸ್ತಕದ ಒಂದು ಅಂಚು ಗೋಡೆಗೆ ಚಪ್ಪಟೆಯಾಗಿ ಕೂತಿತ್ತು. ಅದರ ಮೇಲಂಚಿನ ನೇರಕ್ಕೆ ಪೆನ್ಸಿಲ್ ಗೆರೆ ಎಳೆದು, ನೆಲದಿಂದ ಟೇಪು ಹಿಡಿದೆವು: 72 ಸೆಂಟಿಮೀಟರ್. ಇದು ಒಳಗಾಲಿನ ಅಳತೆ. ಮೂರು ಸಲ ಅಳೆದು ಸರಾಸರಿ ತೆಗೆದರೆ ಒಳ್ಳೆಯದು.

ಈ ಅಳತೆಯನ್ನು 0.67ರಿಂದ ಗುಣಿಸಿದರೆ ರೋಡ್ ಬೈಕಿನ ಫ್ರೇಮ್ ಅಳತೆ ಅಂದಾಜಿಗೆ ಸಿಗುತ್ತದೆ. 0.883ರಿಂದ ಗುಣಿಸಿದರೆ ಪೆಡಲ್ ತೋಳುಗಳು ಫ್ರೇಮಿಗೆ ಸೇರುವ ಅಚ್ಚಿನ ನಡುವಿನಿಂದ ಸೀಟಿನ ಮೇಲ್ಮೈವರೆಗಿನ ಎತ್ತರ ಸಿಗುತ್ತದೆ. ಅವಳಿಗೆ ಫ್ರೇಮ್ 48, ಸೀಟಿನ ಎತ್ತರ 63.6 ಸೆಂ.ಮೀ. ಬಂತು. ಒಳಗಾಲು 78 ಸೆಂ.ಮೀ. ಇರುವವರಿಗೆ ಫ್ರೇಮ್ 52, ಸೀಟು 68.9. ಈಗಿನ ಸೈಕಲುಗಳ ಮೇಲಿನ ಕೊಳವೆ ಇಳಿಜಾರಾಗಿರುವುದರಿಂದ ಎಸ್, ಎಂ, ಎಲ್ ಎಂದು ನಮೂದಿಸಿರುತ್ತಾರೆ. ಆಗ ಆ ಕಂಪನಿಯ ಅಳತೆ ಪಟ್ಟಿಯ ಜೊತೆ ನಿಮ್ಮ ಸಂಖ್ಯೆ ಹೋಲಿಸಿ ನೋಡಿ.

54ರ ಸೈಕಲಿನ ಸೀಟನ್ನು ಇಳಿಸಬಹುದು ನಿಜ. ಆದರೆ ಸೀಟಿನಿಂದ ಹ್ಯಾಂಡಲಿಗೆ ಇರುವ ದೂರ ಇಳಿಯುವುದಿಲ್ಲ. ಸವಾರ ಮುಂದಕ್ಕೆ ಚಾಚಿಕೊಂಡೇ ಕೂರಬೇಕಾಗುತ್ತದೆ. ಹತ್ತು ಕಿಲೋಮೀಟರಿಗೆ ಕುತ್ತಿಗೆ, ಇಪ್ಪತ್ತಕ್ಕೆ ಸೊಂಟ, ಆಮೇಲೆ ಅಂಗೈ ಮರಗಟ್ಟುವುದು ಶುರು. ಎರಡು ತಿಂಗಳಲ್ಲಿ ಸೈಕಲ್ ಚಾವಡಿಯ ಮೂಲೆ ಸೇರುತ್ತದೆ. ಆರು ಸಾವಿರದ ರಿಯಾಯಿತಿ ಅಲ್ಲಿಗೆ ಮುಗಿಯಿತು. ಆ ಹುಡುಗಿ ಒಂದು ತಿಂಗಳು ಕಾದು ಸಣ್ಣ ಅಳತೆಯದನ್ನೇ ತರಿಸಿಕೊಂಡಳು. ಸಣ್ಣ ಕೈಯವರು ಇನ್ನೊಂದನ್ನೂ ನೋಡಬೇಕು: ಬ್ರೇಕ್ ಲಿವರ್ ಬೆರಳಿಗೆ ಸಲೀಸಾಗಿ ಎಟಕಬೇಕು. ಹಲವು ಲಿವರುಗಳಲ್ಲಿ ಅದನ್ನು ಹತ್ತಿರ ತರುವ ಸ್ಕ್ರೂ ಇರುತ್ತದೆ. ಅಂಗಡಿಯಲ್ಲೇ ಸರಿಮಾಡಿಸಿಕೊಳ್ಳಿ.

ಚಡಾವು ಹತ್ತಿಸುವ ಗಿಯರ್

ವಿಜಯಪುರ, ಬಾಗಲಕೋಟೆ ಕಡೆಯ ಊರುಗಳು ರಾಜ್ಯಕ್ಕೆ ಒಳ್ಳೊಳ್ಳೆಯ ಸೈಕ್ಲಿಸ್ಟುಗಳನ್ನು ಕೊಟ್ಟಿವೆ. ಅಲ್ಲಿನ ಬಯಲು ರಸ್ತೆಗೆ ಒಪ್ಪುವ ದೊಡ್ಡ ಗಿಯರ್ ನಮ್ಮ ಗುಡ್ಡೆಗಳಿಗೆ ಒಪ್ಪುವುದಿಲ್ಲ. ಅಂಗಡಿಯವರು ‘ಹದಿನಾರು ಗಿಯರ್ ಉಂಟು’ ಎಂದರೆ ಆ ಸಂಖ್ಯೆಯನ್ನು ಅಲ್ಲಿಗೇ ಬಿಡಿ. ಅತಿ ಹಗುರದ ಗಿಯರ್ ಎಷ್ಟು ಹಗುರ ಎನ್ನುವುದೇ ನಮಗೆ ಬೇಕಾದದ್ದು. ಮುಂದಿನ ಸಣ್ಣ ಚಕ್ರದ ಹಲ್ಲು ಎಣಿಸಿ, ಹಿಂದಿನ ಅತಿ ದೊಡ್ಡ ಚಕ್ರದ ಹಲ್ಲು ಎಣಿಸಿ. ಎರಡೂ ಹೆಚ್ಚುಕಡಿಮೆ ಸಮವಾಗಿದ್ದರೆ ನಮ್ಮ ಊರಿಗೆ ಸರಿ.

ಮುಂದೆ 34, ಹಿಂದೆ 32 ಹಲ್ಲು ಇದ್ದರೆ, ನಿಮಿಷಕ್ಕೆ 60 ಸಲ ಪೆಡಲ್ ತಿರುಗಿಸುತ್ತ ಗಂಟೆಗೆ ಸುಮಾರು 8 ಕಿ.ಮೀ. ವೇಗದಲ್ಲಿ ಹತ್ತಬಹುದು. ಹಿಂದೆ 28 ಹಲ್ಲು ಮಾತ್ರ ಇದ್ದರೆ ಅದೇ ಲಯಕ್ಕೆ 9.3 ಕಿ.ಮೀ. ವೇಗ ಬೇಕು. ಒಂದೂಕಾಲು ಕಿಲೋಮೀಟರ್ ಯಾವ ಲೆಕ್ಕ ಅನಿಸಬಹುದು. ಆದರೆ ನೂರಕ್ಕೆ ಆರು ಏರುವ ದಾರಿಯಲ್ಲಿ ಸೈಕಲ್, ಸವಾರ ಸೇರಿ 80 ಕಿಲೋ ಆದರೆ, ಮೊದಲನೆಯದಕ್ಕೆ ಕಾಲು ಸುಮಾರು 115 ವ್ಯಾಟ್ ಶಕ್ತಿ ಕೊಟ್ಟರೆ ಸಾಕು, ಎರಡನೆಯದಕ್ಕೆ 130ಕ್ಕೂ ಹೆಚ್ಚು ಬೇಕು. ಹೊಸಬರು ಉಸಿರು ಕಟ್ಟಿ ಇಳಿದು ತಳ್ಳುವುದು ಈ ವ್ಯತ್ಯಾಸದಲ್ಲೇ. 1903ರಲ್ಲಿ ಆರಂಭವಾದ ಟೂರ್ ಡಿ ಫ್ರಾನ್ಸ್‌ನಲ್ಲಿ ಗಿಯರ್ ಬದಲಿಸುವ ಡಿರೇಲರಿಗೆ ಅನುಮತಿ ಸಿಕ್ಕಿದ್ದು 1937ರಲ್ಲಿ. ಅಲ್ಲಿಯವರೆಗೆ ಜಗತ್ತಿನ ದೊಡ್ಡ ಸವಾರರೂ ಪರ್ವತದಲ್ಲಿ ಪಾಡುಪಟ್ಟವರೇ. ಹಗುರ ಗಿಯರ್ ಹಾಕುವುದರಲ್ಲಿ ಯಾವ ಸಂಕೋಚವೂ ಬೇಡ.

ಕೊಳ್ಳುವ ಸೈಕಲಿನಲ್ಲಿ ಹಿಂದೆ 28 ಹಲ್ಲಷ್ಟೇ ಇದ್ದರೆ, 32ರದು ಹಾಕಿಕೊಡಲು ಆಗುತ್ತದೆಯೇ ಎಂದು ಕೇಳಿ. ಉದ್ದ ಡಿರೇಲರ್ ಇದ್ದರೆ ಹಲವು ಸಲ ಸಾಧ್ಯ. ಗಿಯರ್ ಬದಲಿಸುವ ಗುಂಡಿ ಬ್ರೇಕ್ ಲಿವರಿನಲ್ಲೇ ಸೇರಿಕೊಂಡಿರುವ ಸೈಕಲಿಗೆ ಎರಡು ಮೂರು ಸಾವಿರ ಹೆಚ್ಚಾದರೂ ಕೊಡಿ. ತೀರ ಅಗ್ಗದವುಗಳಲ್ಲಿ ಅದು ಹ್ಯಾಂಡಲಿನ ನಡುವೆ ಇರುತ್ತದೆ. ತಿರುವಿನಲ್ಲಿ ಕೈ ಬ್ರೇಕಿನಿಂದ ದೂರ ಹೋಗುವುದು ಅಪಾಯ.

ಟೈರು, ಬ್ರೇಕು, ಮಳೆ

ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ನಮ್ಮದು. ಆಟಿ ತಿಂಗಳಲ್ಲಿ ರಸ್ತೆಯ ಹೊಂಡಕ್ಕೆ ನೀರು ತುಂಬಿದರೆ ಅದರ ಆಳ ತಿಳಿಯುವುದಿಲ್ಲ. 23 ಮಿ.ಮೀ. ಅಗಲದ ರೇಸಿನ ಟೈರು ಇಲ್ಲಿ ಬೇಡ. ಕನಿಷ್ಠ 28, ಸಾಧ್ಯವಾದರೆ 32 ಮಿ.ಮೀ. ಟೈರು ಕೂರುವ ಫ್ರೇಮ್ ಆರಿಸಿ. ಹೆದ್ದಾರಿಯಿಂದ ಮನೆಗೆ ಕೊನೆಯ ಅರ್ಧ ಕಿಲೋಮೀಟರ್ ಮಣ್ಣಿನ ರಸ್ತೆಯೋ ಕಡಿದಾದ ಕಾಂಕ್ರೀಟ್ ರಸ್ತೆಯೋ ಇರುವ ತೋಟದ ಮನೆಯವರಿಗೆ 32 ಅನಿವಾರ್ಯ. 65 ಕಿಲೋ ತೂಕದವರಿಗೆ 28ರ ಟೈರಿಗೆ ಸುಮಾರು 70–75 ಪಿಎಸ್‌ಐ, 32ಕ್ಕೆ 60ರ ಆಸುಪಾಸಿನ ಗಾಳಿ ಸಾಕು. ಕಲ್ಲಿನಂತೆ ಗಟ್ಟಿಯಾಗುವವರೆಗೆ ಗಾಳಿ ಹೊಡೆದರೆ ಸೈಕಲ್ ಒರಟು ರಸ್ತೆಯಲ್ಲಿ ಕುಪ್ಪಳಿಸುತ್ತದೆ, ಹಿಡಿತವೂ ಕಡಿಮೆ.

ಬ್ರೇಕಿನಲ್ಲಿ ಎರಡು ಬಗೆ. ರಿಮ್ ಬ್ರೇಕ್ ಹಗುರ, ಅಗ್ಗ, ಯಾವ ಮೆಕ್ಯಾನಿಕ್ಕಿಗೂ ಗೊತ್ತು. ಮಳೆಯಲ್ಲಿ ಮಾತ್ರ ಮೊದಲು ರಿಮ್ಮಿನ ನೀರು ಒರೆಸಿಹೋಗಬೇಕು, ಆಮೇಲೆ ಹಿಡಿತ. ನಮ್ಮ ಕೆಂಪು ಮಣ್ಣಿನ ಕಣ ಬ್ರೇಕ್ ರಬ್ಬರಿಗೆ ಅಂಟಿಕೊಂಡು ಅಲ್ಯೂಮಿನಿಯಂ ರಿಮ್ಮನ್ನು ಅರೆಯುತ್ತದೆ. ಕೇಬಲಿನಿಂದ ನಡೆಯುವ ಡಿಸ್ಕ್ ಬ್ರೇಕ್ ಒದ್ದೆಯಲ್ಲೂ ಹಿಡಿಯುತ್ತದೆ, ತೂಕ ಮತ್ತು ಬೆಲೆ ಸ್ವಲ್ಪ ಹೆಚ್ಚು. ಮಳೆಗಾಲದಲ್ಲೂ ಕಾಲೇಜಿಗೋ ಕೆಲಸಕ್ಕೋ ಸೈಕಲಿನಲ್ಲೇ ಹೋಗುವವರು ಡಿಸ್ಕ್ ಕೊಳ್ಳಲಿ. ದೀಪಾವಳಿಯಿಂದ ಮಳೆಗಾಲದ ಹೊಸ್ತಿಲಿನ ಪತ್ತನಾಜೆಯವರೆಗಷ್ಟೇ ಓಡಿಸುವವರಿಗೆ ರಿಮ್ ಬ್ರೇಕ್ ಸಾಕು. ಯಾವುದೇ ಇರಲಿ, ಮಡ್‌ಗಾರ್ಡ್ ಕೂರಿಸಲು ಫ್ರೇಮಿನಲ್ಲಿ ತೂತುಗಳಿವೆಯೇ ನೋಡಿ. ಇಲ್ಲದಿದ್ದರೆ ಬೆನ್ನಿನುದ್ದಕ್ಕೂ ಕೆಸರಿನ ಪಟ್ಟೆ ಖಾತ್ರಿ.

ತೂಕದ ಮೋಹ ಬೇಡ

ಸೈಕಲನ್ನು ಎರಡು ಬೆರಳಲ್ಲಿ ಎತ್ತಿ ತೋರಿಸುವುದು ಅಂಗಡಿಗಳಲ್ಲಿ ರೂಢಿ. ಸವಾರ 65 ಕಿಲೋ, ಸೈಕಲ್ 11 ಕಿಲೋ, ನೀರು, ಬಟ್ಟೆ, ಚೀಲ 4 ಕಿಲೋ ಎಂದಿಟ್ಟುಕೊಳ್ಳಿ. ಒಟ್ಟು 80. ಸೈಕಲಿನಲ್ಲಿ ಎರಡು ಕಿಲೋ ಇಳಿಸಿದರೆ ಇಳಿದದ್ದು ನೂರಕ್ಕೆ ಎರಡೂವರೆ. ಒಂದು ಗಂಟೆ ಸತತ ಹತ್ತುವ ಘಾಟಿಯಲ್ಲೂ ಉಳಿಯುವುದು ಒಂದೂವರೆ ನಿಮಿಷ. ಆ ಎರಡು ಕಿಲೋ ಕಡಿಮೆ ಮಾಡಲು ಸೈಕಲಿನ ಬೆಲೆ ಎರಡು ಪಟ್ಟಾಗಬಹುದು. ಮೊದಲ ಸೈಕಲಿಗೆ ಅದು ಬೇಡವೇ ಬೇಡ. ಫ್ರೇಮ್ ಅಲ್ಯೂಮಿನಿಯಂ ಇರಲಿ, ನಮ್ಮ ತೇವದ ಹವೆಗೆ ತುಕ್ಕಿನ ಚಿಂತೆ ಇಲ್ಲ. ಉಕ್ಕಿನ ಫೋರ್ಕ್ ಇದ್ದರೆ ಬಣ್ಣ ಎದ್ದ ಕಡೆ ಕೂಡಲೇ ಬಣ್ಣ ಮುಟ್ಟಿಸಿ.

ಪೇಟೆಯಲ್ಲಿ ರಿಪೇರಿ ಆಗಬೇಕು

ರಿಪೇರಿಯ ಬಗ್ಗೆ ಹೊಸಬರು ಯೋಚಿಸುವುದೇ ಇಲ್ಲ. ಹಿಂದೊಮ್ಮೆ ದಾರಿಯಲ್ಲಿ ಗಾಳಿ ಇಳಿದು ಒಂದು ಪಂಕ್ಚರ್ ಅಂಗಡಿಗೆ ತಳ್ಳಿಕೊಂಡು ಹೋದೆ. ಅಂಗಡಿಯಾತ ಟ್ಯೂಬಿಗೆ ತೇಪೆಯನ್ನು ಚೆನ್ನಾಗಿಯೇ ಹಾಕಿದ. ಗಾಳಿ ಹಾಕಲು ಹೋಗಿ, ‘ಇದರ ಬಾಯಿ ಸಪೂರ ಮಾರಾಯ್ರೆ, ನಮ್ಮ ಪೈಪು ಕೂರುದಿಲ್ಲ’ ಎಂದು ಕೈಚೆಲ್ಲಿದ. ತೆಳು ಟೈರಿನ ರೋಡ್ ಬೈಕುಗಳಿಗೆ ಹೆಚ್ಚಾಗಿ ಪ್ರೆಸ್ಟಾ ಎನ್ನುವ ಸಪೂರ ವಾಲ್ವ್ ಇರುತ್ತದೆ. ಕಾರು, ಮೋಟಾರ್ ಬೈಕಿನ ಪೈಪು ಅದಕ್ಕೆ ಕೂರುವುದಿಲ್ಲ. ಬೆರಳಿನ ತುದಿಯಷ್ಟಿರುವ ಹಿತ್ತಾಳೆಯ ಅಡಾಪ್ಟರ್ ಅತಿ ಅಗ್ಗಕ್ಕೆ ಸಿಗುತ್ತದೆ. ವಾಲ್ವಿನ ಮೂತಿ ಸಡಿಲಿಸಿ ಅದನ್ನು ತಿರುಗಿಸಿ ಕೂರಿಸಿದರೆ ಯಾವ ಪೆಟ್ರೋಲ್ ಬಂಕಿನ ಗಾಳಿಯೂ ಹಿಡಿಯುತ್ತದೆ. ಒಂದನ್ನು ಸೈಕಲಿನಲ್ಲೇ ಬಿಡಿ, ಇನ್ನೊಂದನ್ನು ಚೀಲದಲ್ಲಿಡಿ.

ಬಂಟ್ವಾಳದವರಿಗೆ ಮಂಗಳೂರು ಹತ್ತಿರ. ಬೆಳ್ತಂಗಡಿಯವರಿಗೆ ಒಂದು ಸಣ್ಣ ಬಿಡಿಭಾಗಕ್ಕೂ ಅಲ್ಲಿಗೆ ಹೋಗಿಬರುವುದೆಂದರೆ ಒಂದು ದಿನದ ಕೆಲಸ. ಆದ್ದರಿಂದ ಎಲ್ಲಿಯೂ ಬಿಡಿಭಾಗ ಸಿಗುವ 7 ಅಥವಾ 8 ಗಿಯರಿನ ವ್ಯವಸ್ಥೆಯೇ ನಮಗೆ ಕ್ಷೇಮ. ಹಿಂದಿನ ಡಿರೇಲರನ್ನು ಫ್ರೇಮಿಗೆ ಸೇರಿಸುವ ಹ್ಯಾಂಗರ್ ಎಂಬ ಪುಟ್ಟ ತುಂಡು ಒಂದೊಂದು ಸೈಕಲಿಗೂ ಬೇರೆ ಬೇರೆ. ಸೈಕಲ್ ಬಲಕ್ಕೆ ಬಿದ್ದರೆ ಮೊದಲು ಬಾಗುವುದು ಅದೇ, ಫ್ರೇಮನ್ನು ಉಳಿಸುವುದೂ ಅದೇ. ಸೈಕಲ್ ಕೊಂಡ ದಿನವೇ ಅದರ ಇನ್ನೊಂದು ಪ್ರತಿ ಕೊಂಡುಬಿಡಿ. ಹಿಂದಿನ ಹಲ್ಲುಚಕ್ರದ ಬಗ್ಗೆಯೂ ಕೇಳಿ: ಹಳೆ ಬಗೆಯ ಫ್ರೀವೀಲ್ ಇದ್ದರೆ ಹಂಪು, ಹೊಂಡಗಳಲ್ಲಿ ಹಿಂದಿನ ಅಚ್ಚು ಬಾಗುವ ಸಾಧ್ಯತೆ ಹೆಚ್ಚು. ಕ್ಯಾಸೆಟ್ ಬಗೆಯದು ಗಟ್ಟಿ. ಒಂದೇ ಬೆಲೆಯಲ್ಲಿ ಎರಡೂ ಸಿಕ್ಕರೆ ಕ್ಯಾಸೆಟ್ ಇರುವುದನ್ನೇ ತನ್ನಿ.

ಸೆಕೆಂಡ್ ಹ್ಯಾಂಡ್ ಆದರೆ

ಆಸೆಯಿಂದ ಕೊಂಡು ಹತ್ತು ಸಲ ಓಡಿಸಿ ಬಿಟ್ಟವರ ಸೈಕಲ್ ಅರ್ಧ ಬೆಲೆಗೆ ಸಿಗುವುದುಂಟು. ಹೋಗುವಾಗ ಬಡಗಿಯ ಟೇಪು ಒಯ್ಯಿರಿ. ಚೈನಿನ ಒಂದು ಪಿನ್ನಿನ ನಡುವಿಗೆ ಟೇಪಿನ ಗುರುತು ಹಿಡಿದು 12 ಇಂಚು ಅಳೆಯಿರಿ. ಹೊಸ ಚೈನಿನಲ್ಲಿ 12 ಇಂಚಿಗೆ ಸರಿಯಾಗಿ ಇನ್ನೊಂದು ಪಿನ್ನಿನ ನಡು ಬರುತ್ತದೆ. ಪಿನ್ ಅದಕ್ಕಿಂತ ಇಂಚಿನ ಹದಿನಾರನೇ ಒಂದು ಪಾಲು, ಅಂದರೆ ಒಂದೂವರೆ ಮಿ.ಮೀ. ಆಚೆ ಇದ್ದರೆ ಚೈನು ಬದಲಿಸಬೇಕು. ಎಂಟನೇ ಒಂದು ಪಾಲು ಆಚೆ ಹೋಗಿದ್ದರೆ ಹಿಂದಿನ ಹಲ್ಲುಚಕ್ರಗಳೂ ಸವೆದಿರುತ್ತವೆ. ಆ ಹಣವನ್ನು ಬೆಲೆಯಿಂದ ಕಳೆಯಿರಿ.

ಮುಂದಿನ ಬ್ರೇಕ್ ಬಿಗಿಹಿಡಿದು ಸೈಕಲನ್ನು ಹಿಂದೆ ಮುಂದೆ ಅಲ್ಲಾಡಿಸಿ. ಹ್ಯಾಂಡಲಿನ ಬುಡದಲ್ಲಿ ಕಟಕಟ ಎಂದರೆ ಬೇರಿಂಗ್ ಸಡಿಲ. ಚಕ್ರ ಎತ್ತಿ ತಿರುಗಿಸಿ, ಬ್ರೇಕಿನ ಹತ್ತಿರ ಅತ್ತಿತ್ತ ವಾಲುತ್ತದೆಯೇ ನೋಡಿ. ಸ್ವಲ್ಪ ಬೆಂಡ್ ಇದ್ದರೆ ತೆಗೆಯಬಹುದು, ರಿಮ್ಮಿನ ಅಂಚು ಒಳಕ್ಕೆ ಬಾಗಿದ್ದರೆ ಚಕ್ರವೇ ಹೋಯಿತು. ಸೀಟಿನ ಕಂಬ ಮೇಲೆ ಕೆಳಗೆ ಸರಿಯುತ್ತದೆಯೇ ಪರೀಕ್ಷಿಸಿ. ಮಳೆಯಲ್ಲಿ ವರ್ಷಗಟ್ಟಲೆ ನಿಂತ ಸೈಕಲಿನಲ್ಲಿ ಅದು ಕಚ್ಚಿಕೊಂಡಿರುತ್ತದೆ. ಹ್ಯಾಂಡಲಿನ ಬುಡದ ಕೊಳವೆಗಳು ಸೇರುವ ಕಡೆ ಬಣ್ಣದಲ್ಲಿ ಕೂದಲೆಳೆಯ ಬಿರುಕು ಕಂಡರೂ ಕೊಳ್ಳಬೇಡಿ. ಕಾರ್ಬನ್ ಫ್ರೇಮನ್ನು ಪರಿಚಯವಿಲ್ಲದವರಿಂದ ತರಲೇಬೇಡಿ, ಒಳಗಿನ ಪೆಟ್ಟು ಕಣ್ಣಿಗೆ ಕಾಣುವುದಿಲ್ಲ. ಪೆಡಲ್ ತೋಳುಗಳ ಅಚ್ಚಿನ ಕೆಳಗೆ ಸಾಮಾನ್ಯವಾಗಿ ಫ್ರೇಮ್ ಸಂಖ್ಯೆ ಇರುತ್ತದೆ. ಬಿಲ್ಲಿನಲ್ಲಿರುವುದಕ್ಕೆ ಅದು ತಾಳೆಯಾಗಬೇಕು.

ಮನೆಗೆ ತಂದ ಮೇಲೆ

ಮಳೆಯಲ್ಲಿ ಓಡಿಸಿ ಬಂದ ದಿನ ಹತ್ತು ನಿಮಿಷ ಮೀಸಲಿಡಿ. ಮಣ್ಣು ಹೋಗುವಷ್ಟು ನೀರು ಹೊಯ್ದು, ಚೈನನ್ನು ಹಳೆ ಬೈರಾಸಿನಲ್ಲಿ ಒರೆಸಿ, ಒಣಗಿದ ಮೇಲೆ ಸೈಕಲ್ ಚೈನಿನದೇ ಎಣ್ಣೆಯನ್ನು ಕೊಂಡಿಗೊಂದು ಹನಿ ಬಿಟ್ಟು, ಹೊರಗಿನ ಜಿಡ್ಡು ಒರೆಸಿ. ಅಡುಗೆಮನೆಯ ತೆಂಗಿನೆಣ್ಣೆ ಬೇಡ. ಅದು ಧೂಳು ಹಿಡಿದು ಅಂಟಾಗಿ ಚೈನನ್ನೇ ತಿನ್ನುತ್ತದೆ. ಪಂಕ್ಚರಾದ ಟ್ಯೂಬ್ ಬದಲಿಸುವುದನ್ನು ಮನೆಯ ಅಂಗಳದಲ್ಲೇ ಎರಡು ಸಲ ಅಭ್ಯಾಸ ಮಾಡಿ. ಮೊದಲ ತಿಂಗಳ ಕೊನೆಗೆ ಕೇಬಲ್ ಎಳೆದುಕೊಂಡು ಗಿಯರ್ ತಪ್ಪುವುದು ಸಹಜ. ಅಂಗಡಿಗೆ ಒಯ್ದು ಒಮ್ಮೆ ಸರಿಮಾಡಿಸಿದರೆ ಮುಗಿಯಿತು.

ರಸ್ತೆಯ ಬಗ್ಗೆ ಒಂದು ಕಳಕಳಿಯ ಮಾತು. ಬಿ.ಸಿ. ರೋಡಿನ ರಾಷ್ಟ್ರೀಯ ಹೆದ್ದಾರಿ 75, ಬೆಳ್ತಂಗಡಿ ದಾಟುವ 73, ಮೂಡುಬಿದಿರೆಯ 169 ಮೂರರಲ್ಲೂ ಲಾರಿ, ಬಸ್ಸುಗಳ ಓಟ ಜೋರು. ಕಲಿಯುವ ಕಾಲದಲ್ಲಿ ಒಳರಸ್ತೆಗಳನ್ನೇ ಆರಿಸಿ, ಬೆಳಗ್ಗೆ ಬೇಗ ಹೊರಡಿ. ಹಗಲಲ್ಲೂ ಹಿಂದಿನ ಕೆಂಪು ದೀಪ ಉರಿಯುತ್ತಿರಲಿ. ಡಾಂಬರಿನ ತೀರಾ ಅಂಚಿನಲ್ಲಿ ಹೋಗಬೇಡಿ. ಮಳೆಗೆ ಮಣ್ಣು ಕೊಚ್ಚಿಹೋದ ಕಡೆ ಅಂಚು ಗೇಣುದ್ದ ತಗ್ಗಾಗಿರುತ್ತದೆ, ಚಕ್ರ ಜಾರಿದರೆ ಬೀಳುವುದು ರಸ್ತೆಯ ನಡುವಿಗೇ. ಚಾರ್ಮಾಡಿ ಘಾಟಿಯ ಆಸೆ ಎಲ್ಲರಿಗೂ ಇರುತ್ತದೆ. 2019ರ ಆಗಸ್ಟಿನ ಮಳೆಗೆ ಕುಸಿದು ಸಂಚಾರ ನಿಂತ ರಸ್ತೆ ಅದು. ಮಳೆಗಾಲದಲ್ಲಿ ಅತ್ತ ಸುಳಿಯದೆ, ಬ್ರೇಕಿನ ಮೇಲೆ ಪೂರ್ತಿ ಹಿಡಿತ ಬಂದ ಮೇಲೆ, ಒಣ ದಿನದಲ್ಲಿ, ಜೊತೆಗಾರರೊಂದಿಗೆ ಹೋಗಿ.

ದೀಪಾವಳಿಯ ಹೊತ್ತಿಗೆ ಕೊಂಡರೆ ಪತ್ತನಾಜೆಗೆ ಸುಮಾರು ಏಳು ತಿಂಗಳು, ಬಹುಪಾಲು ಒಣ ರಸ್ತೆ. ವಾರಕ್ಕೆ ಮೂರು ದಿನ ಹತ್ತು ಕಿಲೋಮೀಟರಿನಿಂದ ಶುರುಮಾಡಿದವರು ಆ ಅವಧಿಯಲ್ಲಿ ಬಂಟ್ವಾಳ, ಮೂಡುಬಿದಿರೆ, ವೇಣೂರು, ಗುರುವಾಯನಕೆರೆಯ ಸುತ್ತನ್ನು ಒಂದೇ ದಿನದಲ್ಲಿ ಮುಗಿಸಬಲ್ಲರು.

ಅಂಗಡಿಗೆ ಹೋಗುವ ಮುನ್ನ ಒಂದು ಚೀಟಿಯಲ್ಲಿ ಮೂರು ಸಂಖ್ಯೆ ಬರೆದು ಜೇಬಿಗೆ ಹಾಕಿಕೊಳ್ಳಿ: ನಿಮ್ಮ ಒಳಗಾಲಿನ ಅಳತೆ; ಗಿಯರ್ 34ಕ್ಕೆ 32; ಟೈರು ಕನಿಷ್ಠ 28. ಈ ಮೂರಕ್ಕೆ ಹೊಂದುವ ಸೈಕಲ್ ಯಾವ ಕಂಪನಿಯದಾದರೂ ತನ್ನಿ. ಮೂರರಲ್ಲಿ ಒಂದು ತಪ್ಪಿದರೂ, ರಿಯಾಯಿತಿ ಎಷ್ಟೇ ಇರಲಿ, ಅಲ್ಲೇ ಬಿಟ್ಟು ಬನ್ನಿ.